ಎಷ್ಟು ದಿನ ಇರುತ್ತೆ ಇದು?

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆ ನಮ್ಮದು. ಎಲೆಯ ಹಸಿರು ಹೇಗೆ ಹೋಗುತ್ತೆ ಅನ್ನೋದನ್ನ ನಾನು ಬ್ಯಾರನ್ನಿನ, ಅಂದರೆ ಸೊಪ್ಪು ಹದ ಮಾಡುವ ಮನೆಯ, ಕಿಂಡಿಯಲ್ಲಿ ನೋಡಿ ಕಲಿತೆ. ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನ ಒಳಗೆ ನೇತುಹಾಕಿ ಬೆಂಕಿ ಕೊಟ್ಟರೆ ಒಂದೂವರೆ ಎರಡು ದಿನದಲ್ಲಿ ಅದು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತೆ. ಅಪ್ಪ ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಬಿಟ್ಟು ಆ ಬಣ್ಣ ನೋಡಿ ಬರುತ್ತಿದ್ದರು. ಈಗ ನಾನು ಹೇಳಹೊರಟಿರುವ ಕೆಲಸವೂ ಹೆಚ್ಚು ಕಡಿಮೆ ಅಂಥದ್ದೇ. ಹಸಿರು ಎಲ್ಲಿ ಹೋಗಬೇಕು, ಎಲ್ಲಿ ಉಳಿಯಬೇಕು ಅಂತ ಕಾಯುತ್ತಾ ಕೂರುವ ಕೆಲಸ.

ಹೊಟ್ಟೆಪಾಡಿಗೆ ಮದುವೆ ಫೋಟೋ ತೆಗೆಯುತ್ತೇನೆ. ಮಿಕ್ಕ ದಿನ ನನ್ನದೇ ಕೆಲಸ. ಕಾನ್ಸೆಪ್ಚುವಲ್ ಫೋಟೋಗ್ರಫಿ ಅಂತಾರೆ ಅದನ್ನ. ಮೊದಲು ಒಂದು ಯೋಚನೆ ಹುಟ್ಟುತ್ತೆ, ಆಮೇಲೆ ಅದಕ್ಕೆ ತಕ್ಕ ಚಿತ್ರ ಯಾವುದು, ಅದು ಯಾವುದರ ಮೇಲೆ ಮೂಡಬೇಕು ಅಂತ ಹುಡುಕುವುದು. ಹಾಗೆ ಹುಡುಕುವಾಗಲೇ ಬಿನ್ ಡಾನ್ ಅನ್ನುವ ಫೋಟೋ ಕಲಾವಿದರ ಚಿತ್ರಗಳು ಕಣ್ಣಿಗೆ ಬಿದ್ದವು.

ಅವರು ಹುಟ್ಟಿದ್ದು ವಿಯೆಟ್ನಾಮಿನಲ್ಲಿ, 1977ರಲ್ಲಿ. ಯುದ್ಧ ಮುಗಿದು ಎರಡು ವರ್ಷ ಆಗಿತ್ತು ಅಷ್ಟೇ. ಇನ್ನೂ ಮಗುವಾಗಿದ್ದಾಗಲೇ ಮನೆಯವರು ದೇಶ ಬಿಟ್ಟು ಅಮೆರಿಕಕ್ಕೆ ಹೋದರು. ಒಮ್ಮೆ ಹುಲ್ಲಿನ ಮೇಲೆ ಬಿಟ್ಟಿದ್ದ ನೀರಿನ ಪೈಪಿನ ಕೆಳಗೆ ಹುಲ್ಲಿನ ಬಣ್ಣ ಬೇರೆಯಾಗಿದ್ದನ್ನ ಅವರು ನೋಡಿದರು. ಬಿಸಿಲು ಬಿದ್ದ ಕಡೆ ಒಂದು ಬಣ್ಣ, ಮರೆಯಾದ ಕಡೆ ಇನ್ನೊಂದು. ಅಲ್ಲಿಂದ ಹುಟ್ಟಿದ್ದು ಅವರ ದಾರಿ. ಎಲೆಯ ಮೇಲೆ ಫಿಲ್ಮ್ ಇಟ್ಟು, ಮೇಲೆ ಗಾಜು ಇಟ್ಟು, ಬಿಸಿಲಿಗೆ ಹಾಕುವುದು. ಶಾಯಿ ಇಲ್ಲ, ಕಾಗದ ಇಲ್ಲ, ಡಾರ್ಕ್ ರೂಮ್ ಇಲ್ಲ. ವಿಯೆಟ್ನಾಂ ಯುದ್ಧದ ಹಳೆಯ ಫೋಟೋಗಳಲ್ಲಿದ್ದ ಮುಖಗಳು ಆ ಎಲೆಗಳ ಮೇಲೆ ಮೂಡಿವೆ. ಸತ್ತವರು ಮಣ್ಣಿಗೆ ಸೇರಿದ್ದಾರೆ, ಮಣ್ಣಿನಿಂದ ಎಲೆ ಬಂದಿದೆ, ಅಲ್ವಾ? ಅದೇ ಯುದ್ಧದಲ್ಲಿ 1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ಕಾಡಿನ ಎಲೆ ಉದುರಿಸುವ ವಿಷ ಸಿಂಪಡಿಸಿದ್ದವು ಅನ್ನೋದು ನೆನಪಾದಾಗ ನನಗೆ ಆ ಚಿತ್ರಗಳಿಂದ ಕಣ್ಣು ಕೀಳೋಕೆ ಆಗಲಿಲ್ಲ.

ನನ್ನ ಮನೆಯಿಂದ ಟಿಬೆಟನ್ನರ ವಸತಿ ಇರುವ ಬೈಲಕುಪ್ಪೆ ಬೈಕಿನಲ್ಲಿ ಅರ್ಧ ಗಂಟೆ. ಯುದ್ಧ, ದೇಶ ಬಿಡುವುದು, ನಾನು ಯಾರು ಅನ್ನುವ ಪ್ರಶ್ನೆ, ಇವೆಲ್ಲ ಇಷ್ಟು ಹತ್ತಿರ ಇದ್ದವು. ನಾನು ಅವನ್ನ ಚಿನ್ನದ ದೇವಸ್ಥಾನ ನೋಡೋಕೆ ಬಂದ ನೆಂಟರ ಜೊತೆ ಮಾತ್ರ ದಾಟಿ ಹೋಗಿದ್ದೆ.

ನಮ್ಮ ಕಡೆ ಎಲ್ಲರೂ ಅದನ್ನ ಕ್ಯಾಂಪ್ ಅಂತಾರೆ. ಮೊದಲನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್ ಅಂತ. 1959ರ ಮಾರ್ಚಿನಲ್ಲಿ ಟಿಬೆಟ್ಟಿನ ರಾಜಧಾನಿ ಲಾಸಾದಲ್ಲಿ ಜನ ಎದ್ದರು, ಚೀನಾದ ಸೇನೆ ಅದನ್ನ ಹತ್ತಿಕ್ಕಿತು, ದಲೈ ಲಾಮಾ ಆ ತಿಂಗಳ ಕೊನೆಗೆ ಗಡಿ ದಾಟಿ ತವಾಂಗ್ ಕಡೆ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಮೈಸೂರು ಸರ್ಕಾರ ಸುಮಾರು 3000 ಎಕರೆ ಜಾಗ ಕೊಟ್ಟಿತು, 1961ರಲ್ಲಿ ಇಲ್ಲಿ ಮೊದಲ ವಸತಿ ಶುರುವಾಯಿತು. ಜಾಗ ಅಂದರೆ ಕಾಡು. ಕಡಿದು, ಸುಟ್ಟು, ಉತ್ತು ಹೊಲ ಮಾಡಿದ್ದು ಅವರೇ. ಬಿತ್ತಿದ್ದು ಮುಸುಕಿನ ಜೋಳ.

ಆ ಜೋಳಕ್ಕೆ ಕಳೆ ಕೀಳೋಕೆ ನಮ್ಮ ಅಜ್ಜಿ ಕೂಲಿಗೆ ಹೋಗುತ್ತಿದ್ದರು. ಹಾಗಾಗಿ ಪರಿಚಯದವರು ಒಬ್ಬರಿದ್ದರು. ಅವರ ಹೆಸರು ಬರೆಯುವುದಿಲ್ಲ, ಬೇಡ ಅಂದಿದ್ದಾರೆ. ಟಿಬೆಟನ್ ಮಾತಿನಲ್ಲಿ ಅಜ್ಜಿಗೆ ಮೋಲಾ, ತಾತನಿಗೆ ಪೋಲಾ. ನಾನೂ ಹಾಗೇ ಕರೆಯೋದು. ಗಡಿ ದಾಟಿದಾಗ ಮೋಲಾಗೆ ಎಂಟು ವರ್ಷ. ಸಂತೆಯಲ್ಲಿ ಕಲಿತ ಕನ್ನಡ ಚೆನ್ನಾಗಿ ಆಡುತ್ತಾರೆ. ನಮ್ಮ ಅಜ್ಜಿಯ ಹೆಸರು ಹೇಳಿದ ತಕ್ಷಣ ಒಳಗೆ ಕರೆದು ಕೂರಿಸಿ ಉಪ್ಪು ಹಾಕಿದ ಬೆಣ್ಣೆ ಟೀ ಕೊಟ್ಟರು. ಜೊತೆಗೆ ತ್ಸಂಪಾ. ಬಾಯಿಗೆ ಹಾಕಿದ ಕೂಡಲೇ ಗೊತ್ತಾಯಿತು, ಇದು ನಮ್ಮ ಹುರಿಹಿಟ್ಟೇ, ಬಾರ್ಲಿಯದು. "ನಿಮ್ಮಜ್ಜಿನೂ ಹಂಗೇ ಅಂದಿದ್ದು" ಅಂದರು.

ಮೊದಲ ಪ್ರಯೋಗ ಮಾಡಿದ್ದು ಮನೆಯಲ್ಲಿ, ಆಗಸ್ಟಿನಲ್ಲಿ. ಅಜ್ಜಿಯ ಫೋಟೋ, ನಮ್ಮದೇ ಹೊಲದ ಹೊಗೆಸೊಪ್ಪು. ಇಲ್ಲಿ ಒಂದು ವಿಷಯ ಹೇಳಬೇಕು, ನಾನು ಇದರಲ್ಲಿ ಒಂದು ವಾರ ಕಳೆದುಕೊಂಡೆ. ಮಾಮೂಲಿ ಫೋಟೋ ಪ್ರಿಂಟಿಗೆ ನೆಗೆಟಿವ್ ಬೇಕು. ಎಲೆಗೆ ನೆಗೆಟಿವ್ ಇಟ್ಟರೆ ಮುಖ ಉಲ್ಟಾ ಬಣ್ಣದಲ್ಲಿ ಬರುತ್ತೆ. ಯಾಕಂದ್ರೆ ಬಿಸಿಲು ಇಲ್ಲಿ ಕಪ್ಪು ಮಾಡೋದಿಲ್ಲ, ಇರುವ ಹಸಿರನ್ನೇ ತೆಗೆಯುತ್ತೆ. ಫಿಲ್ಮಿನಲ್ಲಿ ಕಪ್ಪಿದ್ದ ಕಡೆ ಪತ್ರಹರಿತ್ತು ಉಳಿಯುತ್ತೆ, ಖಾಲಿ ಇದ್ದ ಕಡೆ ಹೋಗುತ್ತೆ. ಹಾಗಾಗಿ ಪಾಸಿಟಿವ್ ಬೇಕು. ಕುಶಾಲನಗರದ ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಹಾಳೆಯ ಮೇಲೆ ಪ್ರಿಂಟ್ ತೆಗೆಸಿದೆ. ಕಪ್ಪು ಸಾಲಲಿಲ್ಲ, ಬಿಸಿಲು ತೂರಿಕೊಂಡು ಹೋಗಿ ಎಲೆಯೆಲ್ಲ ಒಂದೇ ಥರ ಬಿಳಿಚಿಕೊಂಡಿತು. ಆಮೇಲೆ ಒಂದೇ ಚಿತ್ರದ ಎರಡು ಹಾಳೆಯನ್ನ ಕೂದಲೆಳೆಯಷ್ಟೂ ಜರುಗದ ಹಾಗೆ ಒಂದರ ಮೇಲೊಂದು ಅಂಟಿಸಿದೆ. ಅದು ಕೆಲಸ ಮಾಡಿತು. ಮಳೆ ಬಿಟ್ಟ ಮೂರು ದಿನದಲ್ಲಿ ಅಜ್ಜಿಯ ಮುಖ ಮೂಡಿತು. ಮೂಗುಬಟ್ಟು ಕೂಡ ಕಾಣುತ್ತಿತ್ತು. ಅಮ್ಮ ಅದನ್ನ ಕೈಯಲ್ಲಿ ಹಿಡಿದು ಮಾತೇ ಆಡಲಿಲ್ಲ.

ಅದನ್ನ ತೆಗೆದುಕೊಂಡು ಮೋಲಾ ಹತ್ತಿರ ಓಡಿದೆ. ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಯಾವ ಎಲೆ ಇದು?"

ಹೇಳಿದೆ.

"ನನ್ನ ಮುಖ ಹೊಗೆಸೊಪ್ಪಿನ ಮೇಲೆ ಬೇಡ ಮಗಾ. ನಮ್ಮಲ್ಲಿ ಅದು ಒಳ್ಳೇದಲ್ಲ."

ಅವರ ಧರ್ಮದಲ್ಲಿ ಹೊಗೆಸೊಪ್ಪನ್ನ ಕೆಟ್ಟದ್ದು ಅಂತಲೇ ನೋಡುತ್ತಾರೆ. ಪಕ್ಕದಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಲಿಲ್ಲ. ಹೊಗೆಸೊಪ್ಪು ನನಗೆ ಊಟ ಹಾಕಿದ ಬೆಳೆ, ಅವರಿಗೆ ಮುಟ್ಟಬಾರದ ವಸ್ತು. ಕ್ಷಮೆ ಕೇಳಿದೆ. ಪರವಾಗಿಲ್ಲ ಅಂದು ಇನ್ನೊಂದು ಪ್ರಶ್ನೆ ಕೇಳಿದರು. "ಎಷ್ಟು ದಿನ ಇರುತ್ತೆ ಇದು?"

ಈ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರ ಇತ್ತು. ಅದೇ ನನ್ನ ಇಡೀ ಯೋಚನೆಯ ತಿರುಳಾಗಿತ್ತು. ಎಲೆಯನ್ನ ಏನೂ ಮಾಡದೆ ಹಾಗೇ ಗೋಡೆಗೆ ಹಾಕುತ್ತೇನೆ, ಬೆಳಕಿಗೆ ಅದು ದಿನ ದಿನ ಮಾಸುತ್ತೆ, ಪ್ರದರ್ಶನ ಮುಗಿಯುವ ಹೊತ್ತಿಗೆ ಮುಖವೇ ಇರೋದಿಲ್ಲ, ದೇಶ ಬಿಟ್ಟು ಬಂದವರ ನೆನಪು ಹೀಗೇ ಮಾಸಿ ಹೋಗುತ್ತೆ ಅಂತ ನೋಡಿದವರಿಗೆ ಅನಿಸಬೇಕು. ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಮೋಲಾ ಮಧ್ಯದಲ್ಲಿ ಬಾಯಿ ಹಾಕಲಿಲ್ಲ. ಕೊನೆಗೆ ಎದ್ದು ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು.

ಅದರ ತುಂಬ ಪಾಸ್‌ಪೋರ್ಟ್ ಸೈಜಿನ ಫೋಟೋಗಳು. ಎಲ್ಲ ಅವರವೇ. ಇಲ್ಲಿನ ಟಿಬೆಟನ್ನರಿಗೆ ಆರ್‌ಸಿ ಅಂತ ಒಂದು ಪುಸ್ತಕ ಇರುತ್ತೆ, ವಿದೇಶೀಯರ ನೋಂದಣಿಯದು. ಅದನ್ನ ಆಗಾಗ ಹೊಸದು ಮಾಡಿಸಬೇಕು, ಪ್ರತಿ ಸಲ ಹೊಸ ಫೋಟೋ ಬೇಕು. ಸ್ಟುಡಿಯೋದವರು ಎಂಟು ಕಾಪಿ ಕೊಡುತ್ತಾರೆ, ಕಚೇರಿಗೆ ಮೂರೋ ನಾಲ್ಕೋ ಸಾಕು. ಮಿಕ್ಕದ್ದನ್ನ ಮೋಲಾ ಒಂದನ್ನೂ ಎಸೆದಿರಲಿಲ್ಲ. ಹದಿಹರೆಯದಿಂದ ಇವತ್ತಿನವರೆಗೆ. ಕಪ್ಪು ಬಿಳುಪಿನ ಜಡೆ, ಆಮೇಲೆ ಬಣ್ಣದಲ್ಲಿ ಜಡೆ, ಆಮೇಲೆ ಬಿಳಿ ಕೂದಲು. ಎಲ್ಲದರಲ್ಲೂ ಅದೇ ನೇರ ನೋಟ, ನಗು ಇಲ್ಲ, ಎರಡು ಕಿವಿ ಕಾಣಬೇಕು.

"ನಮ್ಮ ಅಮ್ಮನ ಫೋಟೋ ಒಂದೂ ಇಲ್ಲ" ಅಂದರು. "ಬರುವಾಗ ಫೋಟೋ ಅಂತ ಏನೂ ತಂದಿರಲಿಲ್ಲ. ಇಲ್ಲಿ ಮರ ಕಡಿಯೋವಾಗ, ಆನೆ ಓಡಿಸೋಕೆ ತಗಡು ಬಡಿಯೋವಾಗ ಯಾರು ಫೋಟೋ ತೆಗೀತಾರೆ? ಅಮ್ಮ ಹಾಗೇ ಹೋದಳು. ನಾನು ಮಾಸಿ ಹೋಗೋಕೆ ಅಂತ ಇಷ್ಟೆಲ್ಲ ಇಟ್ಟುಕೊಂಡಿಲ್ಲ. ನಿನ್ನ ಎಲೆ ಉಳಿಯೋ ಹಂಗಿದ್ರೆ ಮಾಡು, ಇಲ್ಲದಿದ್ರೆ ಬೇಡ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೋಪವೂ ಇತ್ತು, ಸುಳ್ಳು ಯಾಕೆ ಹೇಳಲಿ. ಕಲೆಯ ವಿಷಯ ಇವರಿಗೆ ಅರ್ಥ ಆಗಲಿಲ್ಲ ಅನಿಸಿತ್ತು. ಎರಡು ವಾರ ಕಳೆದ ಮೇಲೆ ನಿಜ ಹೊಳೆಯಿತು. ಮಾಸುವುದು ಚೆಂದ ಅಂತ ನನಗೆ ಅನಿಸಿದ್ದು ನನ್ನ ಮನೆಯ ಗೋಡೆಯ ಮೇಲೆ ಮೂರು ತಲೆಮಾರಿನ ಫೋಟೋ ಭದ್ರವಾಗಿ ಇದ್ದದ್ದರಿಂದ. ಬಿನ್ ಡಾನ್ ತಮ್ಮ ಎಲೆಗಳನ್ನ ಪಾರದರ್ಶಕ ರಾಳದಲ್ಲಿ ಮುಳುಗಿಸಿ ಗಟ್ಟಿ ಮಾಡಿಡುತ್ತಾರೆ. ಅದನ್ನ ನಾನು ಬರೀ ಕೆಲಸದ ಒಂದು ಹಂತ ಅಂತ ಓದಿ ಮುಂದೆ ಹೋಗಿದ್ದೆ. ದೇಶ ಕಳೆದುಕೊಂಡ ಮನೆಯಲ್ಲಿ ಬೆಳೆದವರು ಅವರು, ಅವರ್ಯಾಕೆ ಉಳಿಸಿದರು ಅಂತ ಆಗ ಯೋಚನೆ ಮಾಡಿರಲಿಲ್ಲ.

ಎಲೆ ಯಾವುದು ಅಂತ ಮೋಲಾನೇ ಹೇಳಿದರು. ಜೋಳದ್ದು. "ಅಮ್ಮ ಬಿತ್ತಿದ್ದು ಅದನ್ನೇ ಅಲ್ವಾ." ಟಿಬೆಟನ್ ಕಲಾವಿದ ತೆಂಜಿಂಗ್ ರಿಗ್ದೋಲ್ 2011ರಲ್ಲಿ ಟಿಬೆಟ್ಟಿನಿಂದ ಸುಮಾರು 20 ಟನ್ ಮಣ್ಣು ತರಿಸಿ ಧರ್ಮಶಾಲೆಯಲ್ಲಿ ಹರಡಿದ್ದರು. ಜನ ಅದರ ಮೇಲೆ ನಡೆದು, ಅತ್ತು, ಹಣೆಗೆ ಹಚ್ಚಿಕೊಂಡಿದ್ದರು. ಅದನ್ನ ಓದಿದಾಗಿನಿಂದ ನನ್ನ ತಲೆಯಲ್ಲಿ ಟಿಬೆಟ್ ಅಂದರೆ ಅಲ್ಲಿನ ಮಣ್ಣು ಅಂತಲೇ ಇತ್ತು. ಮೋಲಾ ಆರಿಸಿದ್ದು ಬೈಲಕುಪ್ಪೆಯ ಮಣ್ಣಿನ ಎಲೆಯನ್ನ.

ಆದರೆ ಜೋಳದ ಜೊತೆ ಒಂದು ತೊಡಕು. ಮುಂಗಾರಿಗೆ ಬಿತ್ತಿದ ಜೋಳ ಜುಲೈ ಆಗಸ್ಟಿನಲ್ಲಿ ಚೆನ್ನಾಗಿ ಹಸಿರಿರುತ್ತೆ, ಆಗ ಬಿಸಿಲಿರಲ್ಲ. ಬಿಸಿಲು ಬರುವ ಹೊತ್ತಿಗೆ ಎಲೆ ಒಣಗಿರುತ್ತೆ. ಅಕ್ಟೋಬರ್ ಮೇಲೆ ಕ್ಯಾಂಪಿನಲ್ಲಿ ಜನವೂ ಕಡಿಮೆ, ಬಹಳ ಮಂದಿ ದೂರದ ಊರುಗಳಿಗೆ ಸ್ವೆಟರ್ ಮಾರೋಕೆ ಹೋಗಿರುತ್ತಾರೆ. ಮೋಲಾನೂ ಮೂವತ್ತು ವರ್ಷ ಹಾಗೆ ಹೋಗಿದ್ದವರು. ಕೊನೆಗೆ ಅವರ ಪಕ್ಕದ ಮನೆಯವರು ಬೋರ್‌ವೆಲ್ ನೀರಿನಲ್ಲಿ ಹಸುವಿನ ಮೇವಿಗೆ ಅಂತ ಬಿತ್ತಿದ್ದ ಜೋಳ ಸಿಕ್ಕಿತು. ಫೆಬ್ರವರಿ. ಬಿಸಿಲು ಕಣ್ಣು ಕುಕ್ಕುತ್ತಿತ್ತು, ಲೋಸರ್ ಅಂದರೆ ಟಿಬೆಟನ್ ಹೊಸ ವರ್ಷದ ಹಬ್ಬಕ್ಕೆ ಎಲ್ಲರೂ ಊರಿನಲ್ಲಿದ್ದರು.

ಮೋಲಾ ಮನೆಯ ತಾರಸಿಯ ಮೇಲೆ ನನ್ನ ಕೆಲಸ ಶುರು. ಕೆಳಗೆ ಪ್ಲೈವುಡ್ ತುಂಡು, ಅದರ ಮೇಲೆ ಎಲೆ, ಎಲೆಯ ಮೇಲೆ ಹಾಳೆ, ಮೇಲೆ ಗಾಜು, ನಾಲ್ಕೂ ಕಡೆ ಕ್ಲಿಪ್. ಓದೋಕೆ ಸುಲಭ. ಮೊದಲ ಏಳು ಎಲೆ ಹಾಳಾದವು. ಎರಡು ಸುರುಳಿ ಸುತ್ತಿಕೊಂಡು ಒಣಗಿದವು. ಹಾಗಾಗಿ ತುದಿಗೆ ಒದ್ದೆ ಹತ್ತಿ ಸುತ್ತಿ ಪ್ಲಾಸ್ಟಿಕ್ ಕಟ್ಟಿದೆ. ಆಗ ಗಾಜಿನ ಒಳಗೆ ಹಬೆ ಕಟ್ಟಿ ಎಲೆಯ ಮೇಲೆ ಕಂದು ಚುಕ್ಕೆ ಬಂದವು. ದಿನಕ್ಕೆ ನಾಲ್ಕೈದು ಸಲ ಗಾಜು ಎತ್ತಿ ಒರೆಸಬೇಕು, ಆದರೆ ಹಾಳೆ ಜರುಗಬಾರದು. ಅದಕ್ಕೆ ಹಾಳೆಯ ಒಂದು ಅಂಚನ್ನ ಟೇಪ್ ಹಾಕಿ ಪ್ಲೈವುಡ್ಡಿಗೆ ಅಂಟಿಸಿಬಿಟ್ಟೆ, ಪುಸ್ತಕದ ಪುಟದ ಹಾಗೆ ಎತ್ತಬಹುದು.

ಜಾಸ್ತಿ ಕಾಡಿದ್ದು ಎಲೆಯ ನಡುದಿಂಡು. ಜೋಳದ ಎಲೆ ಅಗಲ ಇರೋದೇ ಏಳೆಂಟು ಸೆಂಟಿಮೀಟರ್, ಮಧ್ಯೆ ದಪ್ಪ ದಿಂಡು, ಅದರಿಂದ ಗಾಜು ಸಮ ಕೂರಲ್ಲ, ಚಿತ್ರ ಮಸುಕಾಗುತ್ತೆ. ಹಿಂಬದಿಯಿಂದ ಬ್ಲೇಡಿನಲ್ಲಿ ದಿಂಡನ್ನ ಹೆರೆದು ತೆಳ್ಳಗೆ ಮಾಡಿದೆ. ಆದರೂ ಒಂದು ಬಿಳಿ ಗೆರೆ ಉಳಿಯುತ್ತೆ, ಸರಿಯಾಗಿ ಮುಖದ ಮಧ್ಯೆ. ಹಣೆಯಿಂದ ಮೂಗಿನ ಮೇಲೆ ಹಾದು ಗಲ್ಲದವರೆಗೆ. ಚಿತ್ರವನ್ನ ಪಕ್ಕಕ್ಕೆ ಸರಿಸೋಣ ಅಂತಿದ್ದೆ. ಮೋಲಾ ನೋಡಿ "ಇರಲಿ ಬಿಡು, ಜೋಳ ಅಂತ ಗೊತ್ತಾಗಲಿ" ಅಂದರು.

ಮೂರನೇ ದಿನ ಸಂಜೆ ಎಂಟನೇ ಎಲೆಯ ಗಾಜು ಎತ್ತಿದೆ. ಹದಿನೆಂಟು ವರ್ಷದ ಮೋಲಾ. ಒಣಹುಲ್ಲಿನ ಬಣ್ಣದ ಕೆನ್ನೆ, ಕಡು ಹಸಿರು ಜಡೆ, ಮುಖದ ತುಂಬ ಎಲೆಯ ಉದ್ದುದ್ದ ಗೆರೆಗಳು. ದೂರದಿಂದ ಹುಡುಗಿ, ಹತ್ತಿರ ಹೋದರೆ ಆ ಗೆರೆಗಳೆಲ್ಲ ಸುಕ್ಕಿನ ಹಾಗೆ ಕಾಣುತ್ತವೆ. ನಾನು ಹಾಗೆ ಮಾಡಬೇಕು ಅಂತ ಯೋಚಿಸಿರಲಿಲ್ಲ. ಕೆಳಗೆ ಓಡಿ ಹೋಗಿ ಅವರನ್ನ ಕೈ ಹಿಡಿದು ಮೇಲೆ ಕರೆದುಕೊಂಡು ಬಂದೆ.

ಇನ್ನು ಉಳಿಸುವ ಕೆಲಸ. ಪತ್ರಹರಿತ್ತಿನ ಒಂದೊಂದು ಕಣದ ಮಧ್ಯೆ ಮೆಗ್ನೀಸಿಯಂ ಇರುತ್ತೆ. ಅದು ಬೇಗ ಕಳಚಿಕೊಳ್ಳುತ್ತೆ, ಆಗ ಹಸಿರು ಹೋಗಿ ಕಂದು ಬರುತ್ತೆ. ಅದರ ಜಾಗದಲ್ಲಿ ತಾಮ್ರ ಕೂರಿಸಿದರೆ ಹಸಿರು ಬಹಳ ಕಾಲ ನಿಲ್ಲುತ್ತೆ. ತಾಮ್ರ ಎಲ್ಲಿಂದ ತರೋದು ಅಂತ ಯೋಚಿಸುವಾಗ ನಗು ಬಂತು. ಕೊಡಗಿನ ಗಡಿಯಲ್ಲಿ ಕೂತು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಎಲ್ಲಿ ಸಿಗುತ್ತೆ ಅಂತ ಕೇಳೋದಾ! ಮೆಣಸಿಗೆ, ಅಡಿಕೆಗೆ ರೋಗ ಬರದ ಹಾಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡೋಕೆ ಎಲ್ಲ ಗೊಬ್ಬರದ ಅಂಗಡಿಯಲ್ಲೂ ಇಟ್ಟಿರುತ್ತಾರೆ. ಬೆಚ್ಚಗಿನ ನೀರಿಗೆ ಸ್ವಲ್ಪ ಮೈಲುತುತ್ತ, ನಾಲ್ಕು ಹನಿ ವಿನೆಗರ್. ನೀಲಿ ನೀರಿನಲ್ಲಿ ಎಲೆ ಮುಳುಗಿಸಿ, ಆಮೇಲೆ ಚೆನ್ನಾಗಿ ತೊಳೆದು, ಪೇಪರಿನ ನಡುವೆ ಇಟ್ಟು ಭಾರ ಹೇರಿ ಒಣಗಿಸಿದೆ. ಯಾರಾದರೂ ಮಾಡೋದಾದ್ರೆ ಕೈಗೆ ಗ್ಲೌಸ್ ಹಾಕಿಕೊಳ್ಳಿ, ಅಡುಗೆಯ ಪಾತ್ರೆ ಮುಟ್ಟಬೇಡಿ, ಆ ನೀರನ್ನ ಕೆರೆ ಬಾವಿ ಕಡೆ ಚೆಲ್ಲಬೇಡಿ. ಅದು ವಿಷ. ನೀರಿಗೆ ಮೈಲುತುತ್ತ ಜಾಸ್ತಿಯಾದರೆ ಎಲೆಯ ತಿಳಿ ಭಾಗವೂ ನೀಲಿಗೆ ತಿರುಗುತ್ತೆ, ಒಂದು ಚಿತ್ರ ನನ್ನದು ಹಾಗೆ ಹೋಯಿತು. ಮಿಕ್ಕಂತೆ ಐದು ವಯಸ್ಸಿನ ಐದು ಮೋಲಾ ಸಿದ್ಧವಾದರು.

ಪೋಲಾ ಇಷ್ಟೂ ದಿನ ಮೂಲೆಯಲ್ಲಿ ಕೂತು ಜಪಮಾಲೆ ಎಣಿಸುತ್ತಾ ನೋಡುತ್ತಿದ್ದರು. ಅವರದು ಬೇರೆ ಕಥೆ. 1962ರಲ್ಲಿ ಚೀನಾ ಜೊತೆ ಯುದ್ಧ ಆದಾಗ ಭಾರತ ಸರ್ಕಾರ ಟಿಬೆಟನ್ ಹುಡುಗರ ಒಂದು ಗುಟ್ಟಿನ ಪಡೆ ಕಟ್ಟಿತು, ಚಕ್ರಾತಾದಲ್ಲಿ. ಸ್ಪೆಷಲ್ ಫ್ರಾಂಟಿಯರ್ ಫೋರ್ಸ್. ಕ್ಯಾಂಪಿನಲ್ಲಿ ಎಲ್ಲರೂ ಅದನ್ನ ಟೂ ಟೂ (22) ಅಂತಾರೆ. 1971ರ ಬಾಂಗ್ಲಾ ಯುದ್ಧದಲ್ಲಿ ಚಿತ್ತಗಾಂಗಿನ ಗುಡ್ಡಗಳಲ್ಲಿ ಅವರು ಹೋರಾಡಿದರು, ಸತ್ತರು. ತಮ್ಮದಲ್ಲದ ದೇಶಕ್ಕಾಗಿ, ತಮಗೆ ಸಂಬಂಧವೇ ಇಲ್ಲದ ಶತ್ರುವಿನ ಮೇಲೆ. ಪಡೆಯೇ ಗುಟ್ಟಾದ್ದರಿಂದ ಶೌರ್ಯ ಪದಕ ಸಿಗಲಿಲ್ಲ. ಪೋಲಾ ಅಲ್ಲಿದ್ದರು. ನಮ್ಮೂರಿನಲ್ಲಿ ಮಿಲಿಟರಿಗೆ ಹೋಗಿ ಬಂದವರ ಮನೆಗೆ ಹೋದರೆ ಗೋಡೆಯ ಮೇಲೆ ಯೂನಿಫಾರ್ಮಿನ ಫೋಟೋ ಇದ್ದೇ ಇರುತ್ತೆ. ಪೋಲಾ ಹತ್ತಿರ ಒಂದೂ ಇಲ್ಲ.

ಏನು ಮಾಡೋದು? ಯಾರದೋ ಫೋಟೋಗೆ ಅವರ ಮುಖ ಅಂಟಿಸೋದು ನನ್ನಿಂದ ಆಗದ ಕೆಲಸ. ಬರೀ ಎಲೆ ಇಡೋಣವಾ ಅಂದುಕೊಂಡೆ, ಮತ್ತೆ ಮೋಲಾ ಹೇಳಿದ್ದು ನೆನಪಾಯಿತು. ಕೊನೆಗೆ ಅವರನ್ನೇ ಕೇಳಿದೆ, ನಿಮ್ಮ ಎಲೆಯ ಮೇಲೆ ಏನಿರಬೇಕು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೈಯಲ್ಲಿದ್ದ ಜಪಮಾಲೆ ಕೊಟ್ಟರು. "ಅಲ್ಲೂ ಇದು ಇತ್ತು" ಅಂದರು. ಅಷ್ಟೇ. ನಾನೂ ಮುಂದೆ ಕೇಳಲಿಲ್ಲ.

ಈ ಸಲ ಹಾಳೆ ಇಲ್ಲ, ಗಾಜಿನ ಮೇಲೆ ಮಾಲೆಯನ್ನೇ ಇಟ್ಟೆ. ಒಂದು ಎಲೆ ಸಾಲಲ್ಲ, ಐದು ಎಲೆ ಪಕ್ಕ ಪಕ್ಕ ಜೋಡಿಸಿದೆ. ಮೊದಲ ದಿನ ಪೂರ್ತಿ ಬಿಸಿಲಿಗೆ ಬಿಟ್ಟೆ, ಸೂರ್ಯ ಸರಿದ ಹಾಗೆ ಮಣಿಗಳ ನೆರಳೂ ಸರಿದು ಬರೀ ಮಬ್ಬು ಪಟ್ಟಿ ಬಂತು. ಆಮೇಲೆ ಬೆಳಿಗ್ಗೆ ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಮಾತ್ರ ಬಿಸಿಲಿಗಿಟ್ಟು, ಮಿಕ್ಕ ಹೊತ್ತು ಕಪ್ಪು ಬಟ್ಟೆ ಮುಚ್ಚಿದೆ. ಪ್ರತಿ ದಿನ ಮಾಲೆ ಅದೇ ಜಾಗದಲ್ಲಿ ಕೂರಬೇಕಲ್ಲ, ಹಾಗಾಗಿ ಗಾಜಿನ ಮೇಲೆ ಮಾರ್ಕರಿನಲ್ಲಿ ಗುರುತು ಮಾಡಿಕೊಂಡೆ. ಆರು ದಿನ. ಆ ಆರು ದಿನವೂ ಒಂದೂವರೆ ಗಂಟೆ ಪೋಲಾ ನನ್ನ ಪಕ್ಕ ತಾರಸಿಯ ಮೆಟ್ಟಿಲ ನೆರಳಿನಲ್ಲಿ ಕೂತು ಬೆರಳಿನ ಗೆಣ್ಣುಗಳ ಮೇಲೆ ಮಂತ್ರ ಎಣಿಸುತ್ತಿದ್ದರು. ಒಂದು ಗಂಟೆ ಆದ ಕೂಡಲೇ ಕೈ ಚಾಚುತ್ತಿದ್ದರು. ಮಣಿಗಳು ಕಾದು ಬಿಸಿಯಾಗಿರುತ್ತಿದ್ದವು.

ಮೂಡಿದ್ದು ಹಸಿರು ಚುಕ್ಕೆಗಳ ಒಂದು ಸುತ್ತು. ಅಂಚು ಸ್ವಲ್ಪ ಮಸುಕು. ಮಾಲೆ ಅಂತ ಹೇಳದಿದ್ದರೆ ಗೊತ್ತಾಗಲ್ಲ. ಪೋಲಾ ಬೆರಳಿಟ್ಟು ಒಂದೊಂದನ್ನೇ ಎಣಿಸಿದರು. ನೂರಾ ಎಂಟು ಬರಲಿಲ್ಲ, ಎರಡು ಎಲೆ ಸೇರುವ ಸಂದಿಯಲ್ಲಿ ಕೆಲವು ಬಿದ್ದು ಹೋಗಿದ್ದವು. ಮತ್ತೆ ಮಾಡುತ್ತೇನೆ ಅಂದೆ. ಬೇಡ ಅಂತ ತಲೆ ಆಡಿಸಿದರು.

ಇದನ್ನೆಲ್ಲ ಬೆಂಗಳೂರಿನ ಒಂದು ಗ್ಯಾಲರಿಗೆ ತೋರಿಸಿದೆ. ಅವರಿಗೆ ಇಷ್ಟವಾಯಿತು, ಆದರೆ ತಾಮ್ರ ಹಾಕದೆ ಮಾಸಿ ಹೋಗುವ ಹಾಗೆ ಮಾಡಿದರೆ ಇನ್ನೂ ಪರಿಣಾಮ ಇರುತ್ತೆ ಅಂದರು. ನನ್ನ ಹಳೆಯ ಮಾತನ್ನೇ ಅವರ ಬಾಯಲ್ಲಿ ಕೇಳಿದ ಹಾಗಾಯಿತು. ಆಗಲ್ಲ ಅಂತ ಹೇಳಿ ಬಂದೆ. ಮಾರ್ಚ್ 10, ಟಿಬೆಟನ್ನರು ಪ್ರತಿ ವರ್ಷ 1959ರ ಆ ದಿನವನ್ನ ನೆನೆಯುತ್ತಾರೆ. ಅವತ್ತು ಸಂಜೆ ಮೋಲಾ ಮನೆಯ ಹಜಾರದಲ್ಲೇ ಎಲೆಗಳನ್ನ ಒಂದು ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದೆವು. ಅಕ್ಕಪಕ್ಕದವರು ಬಂದು ನೋಡಿದರು. ಅಮ್ಮನೂ ಬಂದಿದ್ದರು, ಅಜ್ಜಿಯ ಹೊಗೆಸೊಪ್ಪಿನ ಎಲೆಯನ್ನ ಮಾತ್ರ ಮನೆಯಲ್ಲೇ ಬಿಟ್ಟು ಬಂದೆವು.

ಮೋಲಾ ಮಗಳು ಟೊರಾಂಟೋದಲ್ಲಿ ಇದ್ದಾರೆ. ಬೈಲಕುಪ್ಪೆಯಲ್ಲೇ 1979ರಲ್ಲಿ ಹುಟ್ಟಿದವರು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಅಂತ ಕಾನೂನಿದೆ. ಅದು ಟಿಬೆಟನ್ನರಿಗೂ ಸಲ್ಲುತ್ತೆ ಅಂತ ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿದವು. ಅಷ್ಟರಲ್ಲಿ ಇವರು ಹೊರಟು ಹೋಗಿದ್ದರು. ವಿಡಿಯೋ ಕಾಲಿನಲ್ಲಿ ಎಲೆಗಳನ್ನ ನೋಡಿ ಕನ್ನಡದಲ್ಲೇ ಕೇಳಿದರು, "ಅಣ್ಣಾ, ನನಗೊಂದು ಕಾಪಿ ಕಳಿಸ್ತೀರಾ?"

ಎಲೆಗೆ ಕಾಪಿ ಅಂತ ಇಲ್ಲ. ಒಂದು ಎಲೆಗೆ ಒಂದೇ ಮುಖ. ಬೇಕಾದರೆ ಇನ್ನೊಂದು ಎಲೆ ಹುಡುಕಿ ಮತ್ತೆ ಮೂರು ದಿನ ಬಿಸಿಲಿಗೆ ಇಡಬೇಕು. ಆ ಹೊತ್ತಿಗೆ ಪಕ್ಕದ ಮನೆಯವರು ಮೇವಿನ ಜೋಳವನ್ನ ಪೂರ್ತಿ ಕೊಯ್ದಾಗಿತ್ತು. ನಾನು ಅದನ್ನ ಹೇಳುತ್ತಿರುವಾಗ ಮೋಲಾ ಫೋನ್ ಕಸಿದುಕೊಂಡು ಮಗಳ ಹತ್ತಿರ ಅವರ ಭಾಷೆಯಲ್ಲಿ ಏನೋ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮುಂದಿನ ವಾರ ಮತ್ತೆ ಬಿತ್ತುತ್ತಾರೆ. ಎರಡು ಸಾಲು ಕೊಯ್ಯದೆ ಬಿಡಿ ಅಂತ ಹೇಳಿದ್ದೀನಿ."